ಹೊಲ ಸೇರುವ ಮುನ್ನ: ಆಸಿಡ್‌ನಿಂದ ವಿಷಲೋಹ ತೆಗೆಯುವ ವಿದ್ಯೆ

(ಕುಂದಗೋಳ ತಾಲ್ಲೂಕಿನ ಕುಬಿಹಾಳದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸ ಎಂದರೆ ವಚನ, ಕಾವ್ಯ, ಜಾನಪದ ಎಂಬುದು ನಮ್ಮ ಕಡೆಯ ರೂಢಿ. ಈ ಸಲ ರಸಾಯನಶಾಸ್ತ್ರ ಇರಲಿ ಎಂದು ದತ್ತಿ ಇಟ್ಟವರೇ ಬಯಸಿದ್ದಾರೆ. ನನಗೆ ಕೊಟ್ಟಿರುವ ವಿಷಯದ ಹೆಸರು ಸ್ವಲ್ಪ ಉದ್ದ: ಆಮ್ಲೀಯ ದ್ರಾವಣಗಳಿಂದ ವಿಷಕಾರಿ ಭಾರಲೋಹಗಳ ದ್ರಾವಕ ಬೇರ್ಪಡಿಕೆ. ಹೆಸರು ಕೇಳಿ ಯಾರೂ ಏಳಬೇಡಿ. ಈ ವಿಷಯದ ಒಂದು ತುದಿ ಕಾರ್ಖಾನೆಯ ಆಸಿಡ್ ತೊಟ್ಟಿಯಲ್ಲಿದ್ದರೆ, ಇನ್ನೊಂದು ತುದಿ ನಿಮ್ಮ ಪಡಸಾಲೆಯಲ್ಲಿ ಪೇರಿಸಿಟ್ಟ ಡಿಎಪಿ ಗೊಬ್ಬರದ ಚೀಲದಲ್ಲಿದೆ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಕ್ಯಾಡ್ಮಿಯಂ, ಸೀಸ, ಕ್ರೋಮಿಯಂನಂಥ ಲೋಹಗಳು ಆಸಿಡ್‌ನಲ್ಲಿ ಕರಗಿ ಒಂದೇ ಕಡೆ ಇರುವಾಗ ಅವನ್ನು ಹಿಡಿಯಲು ಸಾಧ್ಯ. ಹೊಲಕ್ಕೋ ಹಳ್ಳಕ್ಕೋ ಬೋರ್‌ವೆಲ್‌ಗೋ ಹರಡಿದ ಮೇಲೆ ಹಿಡಿಯುವುದು ಬಹುಮಟ್ಟಿಗೆ ಆಗದ ಕೆಲಸ. ಹಿಡಿಯುವ ವಿದ್ಯೆ ಮನುಷ್ಯರಿಗೆ ಗೊತ್ತಿದೆ. ಅದನ್ನು ಎಲ್ಲಿ, ಯಾರ ಖರ್ಚಿನಲ್ಲಿ ಬಳಸಬೇಕು ಎಂಬುದೇ ಪ್ರಶ್ನೆ.

ವಿದ್ಯೆಯ ತಿರುಳು

ಸಾಲ್ವೆಂಟ್, ಎಂದರೆ ದ್ರಾವಕ, ಎಂಬ ಮಾತು ಈ ಸೀಮೆಗೆ ಹೊಸದಲ್ಲ. ಧಾರವಾಡ, ಹಾವೇರಿ, ಗದಗ ಜಿಲ್ಲೆಗಳಲ್ಲಿ ಬೆಳೆಯುವ ಬ್ಯಾಡಗಿ ಮೆಣಸಿನಕಾಯಿಯ ಒಂದು ಪಾಲು ಅಡಿಗೆಮನೆಗೆ ಹೋಗದೆ ಓಲಿಯೋರೆಸಿನ್ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಪುಡಿ ಮಾಡಿದ ಕಾಯಿಯನ್ನು ಹೆಕ್ಸೇನ್‌ನಂಥ ದ್ರಾವಕದಲ್ಲಿ ತೊಳೆಯುತ್ತಾರೆ. ಕೆಂಪು ಬಣ್ಣ ದ್ರಾವಕದೊಳಗೆ ಇಳಿಯುತ್ತದೆ, ಪುಡಿ ಬಣ್ಣಗೆಟ್ಟು ಹಿಂದೆ ಉಳಿಯುತ್ತದೆ. ದ್ರಾವಕವನ್ನು ಆವಿ ಮಾಡಿ ಮರಳಿ ಹಿಡಿದರೆ ಕೈಗೆ ಸಿಗುವುದು ಗಟ್ಟಿ ಬಣ್ಣ. ಲೋಹ ತೆಗೆಯುವ ಕೆಲಸವೂ ಇದೇ ಜಾತಿಯದು, ಆದರೆ ಅದರಲ್ಲಿ ಒಂದು ತೊಡಕಿದೆ.

ಮೆಣಸಿನಕಾಯಿಯ ಬಣ್ಣ ಎಣ್ಣೆಯ ಸ್ವಭಾವದ್ದು, ದ್ರಾವಕ ಕಂಡರೆ ತಾನಾಗಿ ಹೋಗುತ್ತದೆ. ನೀರಿನಲ್ಲಿ ಕರಗಿದ ಲೋಹ ಹಾಗಲ್ಲ. ಅದರ ಮೇಲೆ ವಿದ್ಯುದಂಶ ಇರುತ್ತದೆ, ಸುತ್ತ ನೀರಿನ ಅಣುಗಳು ಕವಿದುಕೊಂಡಿರುತ್ತವೆ. ಬರೀ ಸೀಮೆಎಣ್ಣೆ ಸುರಿದು ಎಷ್ಟು ಕಲಕಿದರೂ ಅದು ನೀರು ಬಿಟ್ಟು ಬರುವುದಿಲ್ಲ. ಅದಕ್ಕಾಗಿ ಸೀಮೆಎಣ್ಣೆಯಲ್ಲಿ ಇನ್ನೊಂದು ಪದಾರ್ಥವನ್ನು ಕರಗಿಸಿಡುತ್ತಾರೆ. ಅದರ ಅಣುವಿನ ಒಂದು ತುದಿ ಲೋಹವನ್ನು ಕಚ್ಚಿಕೊಳ್ಳುತ್ತದೆ, ಉಳಿದ ಮೈಯೆಲ್ಲ ಎಣ್ಣೆಯ ಸ್ವಭಾವದ್ದು. ಲೋಹದ ವಿದ್ಯುದಂಶ ತಣಿಯುತ್ತದೆ, ನೀರಿನ ಕವಚ ಕಳಚುತ್ತದೆ, ಲೋಹ ಎಣ್ಣೆಯ ಪದರಕ್ಕೆ ದಾಟುತ್ತದೆ. ಆಮೇಲೆ ಆ ಎಣ್ಣೆಯನ್ನು ಬೇರೊಂದು ಆಸಿಡ್ ಅಥವಾ ಕ್ಷಾರದಿಂದ ತೊಳೆದರೆ ಲೋಹ ಕೆಳಗಿಳಿಯುತ್ತದೆ. ಖಾಲಿಯಾದ ಎಣ್ಣೆ ಮತ್ತೆ ಮೊದಲ ತೊಟ್ಟಿಗೆ ಹೋಗುತ್ತದೆ.

ಇದನ್ನು ಕಣ್ಣಾರೆ ಕಾಣಬೇಕಾದರೆ ಡಿಥೈಜೋನ್ ಪ್ರಯೋಗ ನೋಡಬೇಕು. 1925ರಲ್ಲಿ ಜರ್ಮನಿಯ ಹೆಲ್ಮುಟ್ ಫಿಷರ್ ಲೋಹಗಳ ಪರೀಕ್ಷೆಗೆ ಇದನ್ನು ಬಳಕೆಗೆ ತಂದರು. ಡಿಥೈಜೋನ್ ಪುಡಿಯ ಒಂದು ಚಿಟಿಕೆಯನ್ನು ಕ್ಲೋರೋಫಾರ್ಮ್‌ನಲ್ಲಿ ಕರಗಿಸಿದರೆ ಕಡುಹಸಿರು ದ್ರಾವಣ ಸಿಗುತ್ತದೆ. ಪೇರಲಹಣ್ಣಿನ ಆಕಾರದ ಸೆಪರೇಟಿಂಗ್ ಫನೆಲ್‌ಗೆ ಪಾದರಸದ ಲವಣವಿರುವ ಆಮ್ಲೀಯ ನೀರು ಹಾಕಿ, ಮೇಲೆ ಈ ಹಸಿರು ದ್ರಾವಣ ಸುರಿಯುತ್ತೇವೆ. ಕ್ಲೋರೋಫಾರ್ಮ್ ನೀರಿಗಿಂತ ಭಾರ, ತಳಕ್ಕೆ ಹೋಗಿ ಕೂರುತ್ತದೆ. ಬಿರಡೆ ಹಾಕಿ, ಫನೆಲ್ ತಲೆಕೆಳಗು ಮಾಡಿ ಅಲುಗಿಸುತ್ತೇವೆ. ನಡುನಡುವೆ ತಿರುಪು ತೆರೆದು ಒಳಗಿನ ಆವಿಯನ್ನು ಬಿಡಬೇಕು, ಇಲ್ಲವಾದರೆ ಬಿರಡೆ ಹಾರುತ್ತದೆ. ನಿಲ್ಲಿಸಿ ನೋಡಿದರೆ ತಳದ ಹಸಿರು ಕಿತ್ತಳೆ ಹಳದಿಗೆ ತಿರುಗಿರುತ್ತದೆ. ಪಾದರಸ ನೀರು ಬಿಟ್ಟು ಕೆಳಗಿಳಿದಿದೆ ಎಂದರ್ಥ. ಅದೇ ಆಮ್ಲೀಯ ನೀರಿನಲ್ಲಿ ಸೀಸವೂ ಇದ್ದರೆ ಅದು ಅಲುಗುವುದಿಲ್ಲ. ಅಮೋನಿಯಾ ಹಾಕಿ ನೀರನ್ನು ಕ್ಷಾರೀಯ ಮಾಡಿ, ಹೊಸ ಹಸಿರು ದ್ರಾವಣ ಸೇರಿಸಿ ಕಲಕಿದಾಗ ಸೀಸವೂ ಬರುತ್ತದೆ, ಈ ಸಲ ಬಣ್ಣ ಕೆಂಪು. ನೀರಿನ ಹುಳಿ ಎಷ್ಟಿದೆ ಎಂಬುದರ ಮೇಲೆ ಯಾವ ಲೋಹ ಹೊರಡಬೇಕು, ಯಾವುದು ನಿಲ್ಲಬೇಕು ಎಂಬುದು ತೀರ್ಮಾನವಾಗುತ್ತದೆ. ಈ ಆಯ್ಕೆಯೇ ಇಡೀ ವಿದ್ಯೆಯ ಕೀಲಿಕೈ.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಒಂದು ಲೀಟರ್ ನೀರಿಗೆ ಒಂದು ಲೀಟರ್ ದ್ರಾವಕ ಹಾಕಿ ಒಮ್ಮೆ ಕಲಕಿದರೆ, ಲೋಹದಲ್ಲಿ 100ಕ್ಕೆ 80 ಪಾಲು ದ್ರಾವಕಕ್ಕೆ ಹೋಗುತ್ತದೆ, 20 ನೀರಿನಲ್ಲಿ ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಅಷ್ಟೇ ದ್ರಾವಕವನ್ನು ಕಾಲು ಲೀಟರಿನ ನಾಲ್ಕು ಪಾಲು ಮಾಡಿ, ಒಂದಾದ ಮೇಲೊಂದು ಹಾಕಿ ಕಲಕಿ ಬೇರ್ಪಡಿಸಿದರೆ? ನಾಲ್ಕಕ್ಕೆ ಒಂದರಂತೆ ಇದ್ದ ಹಂಚಿಕೆ ಕಾಲು ಪಾಲು ದ್ರಾವಕದಲ್ಲಿ ಸಮಸಮವಾಗುವುದರಿಂದ, ಪ್ರತಿ ಸಲವೂ ಇದ್ದುದರಲ್ಲಿ ಅರ್ಧ ಹೋಗುತ್ತದೆ. 100 ಇದ್ದದ್ದು 50, 25, 12.5, ಕೊನೆಗೆ 6.25. ದ್ರಾವಕ ಒಂದು ಹನಿಯೂ ಹೆಚ್ಚಾಗಲಿಲ್ಲ. ಉಳಿದ ವಿಷ ಮಾತ್ರ ಮೂರನೇ ಒಂದು ಪಾಲಿಗಿಂತ ಕಡಿಮೆಯಾಯಿತು. ಕಾರ್ಖಾನೆಗಳಲ್ಲಿ ಇದೇ ತತ್ವದ ಮೇಲೆ ಕಲಕುವ ತೊಟ್ಟಿ, ನಿಲ್ಲಿಸುವ ತೊಟ್ಟಿ ಎಂದು ಜೋಡಿ ಜೋಡಿಯಾಗಿ ಸಾಲು ಕಟ್ಟುತ್ತಾರೆ. ಆಸಿಡ್ ಒಂದು ಕಡೆಯಿಂದ ಬಂದರೆ ಎಣ್ಣೆ ಎದುರು ಕಡೆಯಿಂದ ಬರುತ್ತದೆ.

ಈ ವಿದ್ಯೆಗೆ ವಯಸ್ಸಾಗಿದೆ. 1842ರಲ್ಲಿ ಫ್ರಾನ್ಸಿನ ಪೆಲಿಗೋ ಈಥರ್ ಬಳಸಿ ಯುರೇನಿಯಂ ಲವಣವನ್ನು ಬೇರ್ಪಡಿಸಿದ್ದರು. ಎರಡನೇ ಮಹಾಯುದ್ಧದಲ್ಲಿ ಅಣುಬಾಂಬಿನ ಯುರೇನಿಯಂ ಶುದ್ಧಿಗೆ ಅದೇ ದಾರಿ ಹಿಡಿದರು. 1968ರಲ್ಲಿ ಅಮೆರಿಕದ ಅರಿಜೋನಾದಲ್ಲಿ ತಾಮ್ರವನ್ನು ಹೀಗೆ ತೆಗೆಯುವ ಮೊದಲ ವಾಣಿಜ್ಯ ಘಟಕ ಶುರುವಾಯಿತು. ನಮ್ಮ ದೇಶದವರೂ ಹಿಂದೆ ಬಿದ್ದಿಲ್ಲ. ಲೋಹಗಳ ದ್ರಾವಕ ಬೇರ್ಪಡಿಕೆಯ ಬಗ್ಗೆ ಎ.ಕೆ. ಡೇ, ಎಸ್.ಎಂ. ಖೋಪ್ಕರ್ ಮತ್ತು ಚಾಮರ್ಸ್ ಸೇರಿ ಬರೆದ ಗ್ರಂಥ 1970ರಲ್ಲೇ ಹೊರಬಂತು. ಮೊದಲಿಬ್ಬರೂ ಭಾರತೀಯರು. ನಮ್ಮ ಗಡಿಯಾಚೆಯ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲೂ ಇದೇ ವಿಷಯದ ಮೇಲೆ ಬಹಳ ಕೆಲಸ ನಡೆದಿದೆ.

ಪೀಣ್ಯದ ಪಾಠ

ತಡವಾದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ಪೀಣ್ಯದಲ್ಲಿ ನೂರಾರು ಸಣ್ಣ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿವೆ. ನಮ್ಮ ಬೈಕಿನ ಹ್ಯಾಂಡಲ್, ಮನೆಯ ನಲ್ಲಿ ಹೊಳೆಯುವುದು ಕ್ರೋಮ್ ಲೇಪನದಿಂದ. ಆ ತೊಟ್ಟಿಯಲ್ಲಿ ಲೀಟರಿಗೆ ಸುಮಾರು 250 ಗ್ರಾಂ ಕ್ರೋಮಿಕ್ ಆಸಿಡ್, 2.5 ಗ್ರಾಂ ಗಂಧಕಾಮ್ಲ ಇರುತ್ತದೆ. ತೊಟ್ಟಿಯಿಂದ ಎತ್ತಿದ ಸಾಮಾನು ಹನಿ ಇಳಿಸುತ್ತಲೇ ತೊಳೆಯುವ ನೀರಿಗೆ ಹೋಗುತ್ತದೆ. ಆ ನೀರು ಹಳದಿಯಾಗುತ್ತದೆ. ಈ ರೂಪದ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಆವಿ ಕುಡಿಯುತ್ತ ದುಡಿದವರ ಮೂಗಿನ ನಡುಗೋಡೆಯೇ ತೂತಾಗುವುದುಂಟು. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ನಮ್ಮ ಮಾನಕ. 250 ಗ್ರಾಂ ಎಲ್ಲಿ, 0.05 ಮಿಲಿಗ್ರಾಂ ಎಲ್ಲಿ! ಪೀಣ್ಯದ ಅಂತರ್ಜಲಕ್ಕೆ ಕ್ರೋಮಿಯಂ ಇಳಿದಿರುವುದು ಸರ್ಕಾರಿ ಸಮೀಕ್ಷೆಗಳಲ್ಲೇ ದಾಖಲಾಗಿದೆ.

ಕ್ರೋಮಿಯಂ ಹಿಡಿಯುವ ಹಳೆಯ ಕ್ರಮ ಹೀಗಿದೆ: ಹಳದಿ ನೀರನ್ನು ಹುಳಿ ಮಾಡಿ, ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ ಹಸಿರಿಗೆ ತಿರುಗಿಸಿ, ಸುಣ್ಣ ಹಾಕಿ ರಾಡಿಯಾಗಿ ತಳಕ್ಕಿಳಿಸುವುದು. ವಿಷ ಕಡಿಮೆಯಾಗುತ್ತದೆ, ಆದರೆ ರಾಡಿಯ ಗುಡ್ಡೆ ಉಳಿಯುತ್ತದೆ. ಅದನ್ನು ಅಪಾಯಕಾರಿ ತ್ಯಾಜ್ಯವೆಂದು ಬೇರೆಡೆ ಸಾಗಿಸಿ ಹೂಳಬೇಕು. ದ್ರಾವಕದ ದಾರಿ ಬೇರೆ. ಆಸಿಡ್‌ನಲ್ಲಿ ಈ ಕ್ರೋಮಿಯಂ ಋಣ ವಿದ್ಯುದಂಶದ ಗುಂಪಾಗಿ ಇರುತ್ತದೆ. ಉದ್ದ ಬಾಲದ ಅಮೀನ್ ಎಂಬ ಎಣ್ಣೆಯಂಥ ಪದಾರ್ಥ ಆಸಿಡ್ ಸೋಂಕಿದರೆ ಧನ ವಿದ್ಯುದಂಶ ಪಡೆಯುತ್ತದೆ. ಇವೆರಡೂ ಜೋಡಿಯಾಗಿ ಎಣ್ಣೆಗೆ ಏರುತ್ತವೆ. ಕಾಸ್ಟಿಕ್ ಸೋಡಾ ನೀರಿನಿಂದ ತೊಳೆದರೆ ಅಮೀನ್ ತನ್ನ ವಿದ್ಯುದಂಶ ಕಳೆದುಕೊಂಡು ಕ್ರೋಮಿಯಂ ಅನ್ನು ಕೈಬಿಡುತ್ತದೆ. ಹೂಳಬೇಕಾದ ರಾಡಿಯ ಬದಲು ಮರುಬಳಕೆಗೆ ಬರುವ ಸರಕು ಸಿಗುತ್ತದೆ. ಆದರೆ ಇದೆಲ್ಲ ತೊಟ್ಟಿಯ ಪಕ್ಕದಲ್ಲಿ ನಡೆಯಬೇಕು. ಬೋರ್‌ವೆಲ್‌ಗೆ ಇಳಿದ ಕ್ರೋಮಿಯಂ ಬೆನ್ನಟ್ಟಿ ಸೀಮೆಎಣ್ಣೆ ಸುರಿಯಲಾಗುವುದಿಲ್ಲ.

ಚೀಲದೊಳಗಿನ ಕ್ಯಾಡ್ಮಿಯಂ

ಈಗ ನಮ್ಮ ಹೊಲಕ್ಕೆ ಬರೋಣ. ಡಿಎಪಿಯಲ್ಲಿ ಶೇ. 18 ಸಾರಜನಕ, ಫಾಸ್ಫೇಟ್ ಲೆಕ್ಕದಲ್ಲಿ ಶೇ. 46 ರಂಜಕ ಇರುತ್ತದೆ ಎಂಬುದು ಕೂರಿಗೆ ಹಿಡಿದ ಪ್ರತಿಯೊಬ್ಬರಿಗೂ ಗೊತ್ತು. ಆ ರಂಜಕ ಬರುವುದು ನೆಲದಿಂದ ಅಗೆದ ಫಾಸ್ಫೇಟ್ ಕಲ್ಲಿನಿಂದ. ಕಲ್ಲನ್ನು ಗಂಧಕಾಮ್ಲದಲ್ಲಿ ಬೇಯಿಸಿದಾಗ ಒಂದು ಕಡೆ ಜಿಪ್ಸಂ, ಇನ್ನೊಂದು ಕಡೆ ಫಾಸ್ಫಾರಿಕ್ ಆಸಿಡ್ ಸಿಗುತ್ತದೆ. ಆ ಆಸಿಡ್‌ಗೆ ಅಮೋನಿಯಾ ಕೊಟ್ಟರೆ ಡಿಎಪಿ.

ಕಲ್ಲಿನಲ್ಲಿ ಕ್ಯಾಡ್ಮಿಯಂ ಎಂಬ ಲೋಹವೂ ಇರುತ್ತದೆ. ಸಮುದ್ರದ ಕೆಸರಿನಿಂದಾದ ಕಲ್ಲಿನಲ್ಲಿ ಸಾಮಾನ್ಯವಾಗಿ ಹೆಚ್ಚು, ಅಗ್ನಿಶಿಲೆಯಿಂದ ಬಂದದ್ದರಲ್ಲಿ ತೀರ ಕಡಿಮೆ. ಪಶ್ಚಿಮ ಆಫ್ರಿಕಾದ ಟೋಗೊ, ಸೆನೆಗಲ್ ಕಲ್ಲುಗಳಲ್ಲಿ ಅದು ಜಾಸ್ತಿ, ರಷ್ಯಾದ ಕೋಲಾ ಪ್ರದೇಶದ ಕಲ್ಲಿನಲ್ಲಿ ನಾಮಮಾತ್ರ. ಕಲ್ಲು ಆಸಿಡ್‌ನಲ್ಲಿ ಬೆಂದಾಗ ಕ್ಯಾಡ್ಮಿಯಂನ ಹೆಚ್ಚಿನ ಪಾಲು ಜಿಪ್ಸಂಗೆ ಹೋಗದೆ ಆಸಿಡ್ ಕಡೆ ಹೊರಳುತ್ತದೆ. ಅಲ್ಲಿಂದ ಚೀಲಕ್ಕೆ, ಚೀಲದಿಂದ ಸಾಲಿಗೆ.

ಕ್ಯಾಡ್ಮಿಯಂ ಎಂಥದ್ದು ಎಂದು ಜಪಾನಿನವರನ್ನು ಕೇಳಬೇಕು. ತೊಯಾಮಾ ಪ್ರಾಂತದ ಜಿಂಜು ನದಿಯ ಮೇಲ್ಭಾಗದಲ್ಲಿ ಕಾಮಿಯೊಕಾ ಸತುವಿನ ಗಣಿ ಇತ್ತು. ಗಣಿಯ ನೀರು ಗದ್ದೆಗೆ ಬಂತು, ಕ್ಯಾಡ್ಮಿಯಂ ಭತ್ತಕ್ಕೆ ಏರಿತು. ಮೂತ್ರಪಿಂಡ ಕೆಟ್ಟು, ಎಲುಬು ಮೆತ್ತಗಾಗಿ, ಮುಖ್ಯವಾಗಿ ನಡುವಯಸ್ಸು ದಾಟಿದ ಹೆಣ್ಣುಮಕ್ಕಳು ನೋವಿನಿಂದ ನರಳಿದರು. 1968ರಲ್ಲಿ ಅಲ್ಲಿನ ಸರ್ಕಾರ ಇದು ಕ್ಯಾಡ್ಮಿಯಂ ಮಾಲಿನ್ಯದಿಂದ ಬಂದ ರೋಗ ಎಂದು ಒಪ್ಪಿಕೊಂಡಿತು. ಗದ್ದೆಗಳನ್ನು ಸರಿಮಾಡಲು ಅವರಿಗಿದ್ದ ದಾರಿ ಮೇಲ್ಮಣ್ಣಿಗೆ ಹೊಸ ಮಣ್ಣು ಹಾಕುವುದು. ಸುಮಾರು 860 ಹೆಕ್ಟೇರ್‌ಗೆ ಆ ಕೆಲಸ ಮಾಡಿ ಮುಗಿಸುವ ಹೊತ್ತಿಗೆ 2012 ಆಗಿತ್ತು. ಮೂರು ದಶಕಕ್ಕೂ ಮಿಕ್ಕ ದುಡಿಮೆ.

ನಮ್ಮ ಹೊಲದ ಸ್ಥಿತಿ ಜಿಂಜು ಕಣಿವೆಯಂತಿಲ್ಲ, ಹೆದರಿಸಲು ನಾನು ಬಂದಿಲ್ಲ. ಲೆಕ್ಕ ಹಾಕಿಯೇ ನೋಡೋಣ. ಒಂದು ಕಿಲೋ ಫಾಸ್ಫೇಟ್‌ಗೆ 60 ಮಿಲಿಗ್ರಾಂ ಕ್ಯಾಡ್ಮಿಯಂ ಮೀರಬಾರದು ಎಂಬ ನಿಯಮ ಯುರೋಪಿನಲ್ಲಿ 2022ರ ಜುಲೈನಿಂದ ಜಾರಿಯಲ್ಲಿದೆ. ಅದೇ ಅಂಕಿ ಇಟ್ಟುಕೊಂಡರೆ, 23 ಕಿಲೋ ಫಾಸ್ಫೇಟ್ ಇರುವ 50 ಕಿಲೋ ಡಿಎಪಿ ಚೀಲದಲ್ಲಿ 1.38 ಗ್ರಾಂ ಕ್ಯಾಡ್ಮಿಯಂ. ಒಂದು ಎಕರೆಯ ಅರ್ಧ ಅಡಿ ಮೇಲ್ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ವರ್ಷಕ್ಕೊಂದು ಚೀಲದಂತೆ 50 ವರ್ಷ ಹಾಕಿ, ಒಂದಿಷ್ಟೂ ಹೊರಹೋಗದಿದ್ದರೂ ಕಿಲೋ ಮಣ್ಣಿಗೆ ಸೇರುವುದು ಸುಮಾರು 0.08 ಮಿಲಿಗ್ರಾಂ. ಒಂದು ತಲೆಮಾರಿಗೆ ಇದು ದೊಡ್ಡದಲ್ಲ. ನಮ್ಮ ಎರೆಮಣ್ಣು ಕ್ಷಾರೀಯವಾದ್ದರಿಂದ, ಜಿಗುಟು ಹೆಚ್ಚಿರುವುದರಿಂದ ಕ್ಯಾಡ್ಮಿಯಂ ಅನ್ನು ಬಿಗಿಯಾಗಿ ಹಿಡಿದಿಡುತ್ತದೆ, ಬೇರಿಗೆ ಸುಲಭವಾಗಿ ಬಿಡುವುದಿಲ್ಲ. ಹುಳಿಮಣ್ಣಿನ ಮಲೆನಾಡು, ಕರಾವಳಿಗೆ ಆ ರಕ್ಷಣೆ ಇಲ್ಲ. ಆದರೆ ಹಾಕಿದ್ದು ಹೊರಗೆ ಹೋಗುವುದಿಲ್ಲ ಎಂಬುದು ಎರೆಹೊಲಕ್ಕೂ ಅನ್ವಯಿಸುತ್ತದೆ. ಹೊಲ ಮೊಮ್ಮಕ್ಕಳಿಗೆ ಹೋಗುತ್ತದೆ, ಲೋಹವೂ ಅದರೊಂದಿಗೆ ಹೋಗುತ್ತದೆ.

ಈಗ ಅದೇ 1.38 ಗ್ರಾಂ ಅನ್ನು ಕಾರ್ಖಾನೆಯಲ್ಲಿ ನೋಡಿ. ಅಲ್ಲಿ ಅದು ಸುಮಾರು 77 ಕಿಲೋ ಆಸಿಡ್‌ನಲ್ಲಿ, ಎಂದರೆ ಒಂದು ಸಣ್ಣ ಡ್ರಮ್ಮಿನಲ್ಲಿ ಕರಗಿ ನಿಂತಿರುತ್ತದೆ. ಹೊಲದಲ್ಲಿ 9 ಲಕ್ಷ ಕಿಲೋ ಮಣ್ಣಿನಲ್ಲಿ ಹರಡಿರುತ್ತದೆ. ನಡುವಿನ ಅಂತರ ಹತ್ತಿರ ಹತ್ತಿರ 12 ಸಾವಿರ ಪಟ್ಟು. ಹಿಡಿಯುವುದಾದರೆ ಡ್ರಮ್ಮಿನಲ್ಲಿದ್ದಾಗಲೇ ಹಿಡಿಯಬೇಕು ಎಂಬುದಕ್ಕೆ ಬೇರೆ ವಾದ ಬೇಕೆ?

ಗಂಧಕದ ಹಿಡಿತ

ಫಾಸ್ಫಾರಿಕ್ ಆಸಿಡ್‌ನಿಂದ ಕ್ಯಾಡ್ಮಿಯಂ ತೆಗೆಯುವುದು ಸಲೀಸಲ್ಲ. ಆಮ್ಲಜನಕದ ತುದಿಯಿಂದ ಲೋಹ ಹಿಡಿಯುವ ಸಾಮಾನ್ಯ ಪದಾರ್ಥಗಳು ಇಷ್ಟು ಗಾಢ ಹುಳಿಯಲ್ಲಿ ಸೋಲುತ್ತವೆ. ಗಂಧಕದ ತುದಿ ಇರುವವು ಗೆಲ್ಲುತ್ತವೆ. ಕ್ಯಾಡ್ಮಿಯಂ, ಪಾದರಸದಂಥ ಲೋಹಗಳಿಗೆ ಗಂಧಕದ ಮೇಲೆ ಬಲು ಸೆಳೆತ. ಸೈಯನೆಕ್ಸ್ 301 ಎಂಬ ಹೆಸರಿನಲ್ಲಿ ಮಾರಾಟವಾಗುವ ಪದಾರ್ಥದ ಅಣುವಿನಲ್ಲಿ ಎರಡು ಗಂಧಕದ ಪರಮಾಣುಗಳಿವೆ. ಅದನ್ನು ಸೀಮೆಎಣ್ಣೆಯಲ್ಲಿ ಕರಗಿಸಿ ಆಸಿಡ್ ಜತೆ ಕಲಕಿದರೆ ಕ್ಯಾಡ್ಮಿಯಂ ಎಣ್ಣೆಗೆ ಬರುತ್ತದೆ, ರಂಜಕ ಆಸಿಡ್‌ನಲ್ಲೇ ಉಳಿಯುತ್ತದೆ. ಗಾಢ ಹೈಡ್ರೋಕ್ಲೋರಿಕ್ ಆಸಿಡ್‌ನಿಂದ ಎಣ್ಣೆ ತೊಳೆದರೆ ಕ್ಯಾಡ್ಮಿಯಂ ಕೈಗೆ ಸಿಗುತ್ತದೆ.

ನಮ್ಮ ದೇಹದಲ್ಲೂ ಇದೇ ಸೆಳೆತ ಕೆಲಸ ಮಾಡುತ್ತದೆ. 1957ರಲ್ಲಿ ಮಾರ್ಗೊಶಸ್ ಮತ್ತು ವ್ಯಾಲಿ ಎಂಬ ವಿಜ್ಞಾನಿಗಳು ಕುದುರೆಯ ಮೂತ್ರಪಿಂಡದಲ್ಲಿ ಕ್ಯಾಡ್ಮಿಯಂ ಹಿಡಿದುಕೊಂಡ ಒಂದು ಪ್ರೋಟೀನ್ ಕಂಡುಹಿಡಿದರು. ಅದು ಗಂಧಕದಿಂದ ತುಂಬಿದ ಪ್ರೋಟೀನ್. ನಮ್ಮ ಮೂತ್ರಪಿಂಡದಲ್ಲೂ ಅದಿದೆ. ಊಟದಲ್ಲಿ ಬಂದ ಕ್ಯಾಡ್ಮಿಯಂ ಅಲ್ಲಿ ಸಿಕ್ಕಿಕೊಂಡರೆ ಅರ್ಧದಷ್ಟು ಹೊರಹೋಗಲು ಹತ್ತರಿಂದ ಮೂವತ್ತು ವರ್ಷ ಬೇಕು. ತೊಟ್ಟಿಯ ಎಣ್ಣೆಯನ್ನು ಹೈಡ್ರೋಕ್ಲೋರಿಕ್ ಆಸಿಡ್‌ನಿಂದ ತೊಳೆಯಬಹುದು. ಮೂತ್ರಪಿಂಡವನ್ನು ಯಾವುದರಿಂದ ತೊಳೆಯುವುದು?

ಹಾಗಾದರೆ ಯಾಕೆ ಮಾಡುತ್ತಿಲ್ಲ?

ಕಷ್ಟಗಳು ಸುಳ್ಳಲ್ಲ. ಕಲ್ಲಿನಿಂದ ಬಂದ ಜೈವಿಕ ಕಲ್ಮಶ ಎರಡು ಪದರಗಳ ನಡುವೆ ಕೆನೆಗಟ್ಟಿ ತೊಟ್ಟಿ ಕೆಡಿಸುತ್ತದೆ. ಆದ್ದರಿಂದ ಆಸಿಡ್ ಅನ್ನು ಮೊದಲು ಸೋಸಬೇಕು. ಬೆಲೆಬಾಳುವ ದ್ರಾವಕ ಸ್ವಲ್ಪಸ್ವಲ್ಪವೇ ಆಸಿಡ್‌ನೊಂದಿಗೆ ಕಳೆದುಹೋಗುತ್ತದೆ. ತೆಗೆದ ಕ್ಯಾಡ್ಮಿಯಂ ಕೊಳ್ಳುವವರು ಕಡಿಮೆ, ಅದನ್ನು ಜೋಪಾನವಾಗಿ ಇಡುವ ಖರ್ಚು ಬೇರೆ. ಹೀಗಾಗಿ ಗೊಬ್ಬರದ ಕಾರ್ಖಾನೆಗಳು ದ್ರಾವಕದ ಘಟಕ ಕಟ್ಟುವ ಬದಲು ಕ್ಯಾಡ್ಮಿಯಂ ಕಡಿಮೆ ಇರುವ ಕಲ್ಲು ಆರಿಸುವುದೇ ಸುಲಭ ಎನ್ನುತ್ತವೆ. ಅದೂ ಒಂದು ದಾರಿಯೇ. ಸಿಂಗಲ್ ಸೂಪರ್ ಫಾಸ್ಫೇಟ್‌ಗಂತೂ ಅದೊಂದೇ ದಾರಿ. ಅದರಲ್ಲಿ ಕಲ್ಲು, ಆಸಿಡ್ ಎರಡೂ ಬೆರೆತು ಗೊಬ್ಬರವಾಗುವುದರಿಂದ ನಡುವೆ ದ್ರಾವಣ ಸಿಗುವುದಿಲ್ಲ.

ಆದರೆ ಆಗುವುದೇ ಇಲ್ಲ ಎನ್ನುವವರಿಗೆ ಎರಡು ಉದಾಹರಣೆ ಕೊಡುತ್ತೇನೆ. ಫಾಸ್ಫಾರಿಕ್ ಆಸಿಡ್‌ನಲ್ಲಿ ಯುರೇನಿಯಂ ಕೂಡ ಇರುತ್ತದೆ. 1970ರ ದಶಕದಲ್ಲಿ ಯುರೇನಿಯಂ ಬೆಲೆ ಏರಿದಾಗ ಅಮೆರಿಕದ ಫ್ಲಾರಿಡಾ, ಲೂಸಿಯಾನಾದ ಗೊಬ್ಬರ ಕಾರ್ಖಾನೆಗಳಲ್ಲಿ ಇದೇ ದ್ರಾವಕ ವಿದ್ಯೆಯಿಂದ ಅದನ್ನು ತೆಗೆದು ಮಾರಿದರು. ಬೆಲೆ ಬಿದ್ದಾಗ ಘಟಕಗಳು ಮುಚ್ಚಿದವು. ಇನ್ನೊಂದು, ಕೋಲಾ ಬಾಟಲಿಯದು. ಆ ಪಾನೀಯದ ಹುಳಿಗೆ ಹಾಕುವುದೂ ಫಾಸ್ಫಾರಿಕ್ ಆಸಿಡ್‌ ಅನ್ನೇ. ಕಲ್ಲಿನಿಂದ ತೆಗೆದ ಆಸಿಡ್ ಅನ್ನು ಆಹಾರ ದರ್ಜೆಗೆ ಏರಿಸಲು ದ್ರಾವಕ ಬೇರ್ಪಡಿಕೆಯನ್ನೇ ಬಳಸುತ್ತಾರೆ. ಅಲ್ಲಿ ಆಸಿಡ್ ದ್ರಾವಕಕ್ಕೆ ಹೋಗುತ್ತದೆ, ಕಲ್ಮಶ ಹಿಂದೆ ಉಳಿಯುತ್ತದೆ. ಬಾಟಲಿಗೆ ಹೋಗುವ ಆಸಿಡ್‌ಗೆ ಸ್ನಾನ ಮಾಡಿಸುವ ವಿದ್ಯೆ ಗೊತ್ತಿದೆ, ಹೊಲಕ್ಕೆ ಹೋಗುವ ಆಸಿಡ್‌ಗೆ ಮಾತ್ರ ದುಬಾರಿ ಎನ್ನುವುದು ನ್ಯಾಯದ ಪ್ರಶ್ನೆ, ರಸಾಯನಶಾಸ್ತ್ರದ್ದಲ್ಲ.

ನಾವು ಕೇಳಬೇಕಾದದ್ದು

ನಮ್ಮ ದೇಶ ಫಾಸ್ಫಾರಿಕ್ ಆಸಿಡ್ ಆಮದಿನಲ್ಲಿ ಜಗತ್ತಿಗೇ ಮೊದಲು. ಮಂಗಳೂರಿನ ಪಣಂಬೂರಿನಲ್ಲಿ ತಯಾರಾಗುವ ಡಿಎಪಿಗೂ ಆಸಿಡ್ ಹಡಗಿನಲ್ಲಿ ಬರುತ್ತದೆ. ಇದು ಅನುಕೂಲವೇ. ಕೋಟ್ಯಂತರ ಎಕರೆಗೆ ಹೋಗಬೇಕಾದ ಲೋಹ ಕೆಲವೇ ಬಂದರುಗಳ ಕೆಲವೇ ಟ್ಯಾಂಕುಗಳಲ್ಲಿ ನಿಲ್ಲುತ್ತದೆ. ಅಲ್ಲಿ ಅಳೆಯಬಹುದು, ಕೊಳ್ಳುವ ಕರಾರಿನಲ್ಲೇ ಮಿತಿ ಬರೆಯಬಹುದು, ಮೀರಿದ ಆಸಿಡ್‌ಗೆ ಶುದ್ಧಿ ಕಡ್ಡಾಯ ಮಾಡಬಹುದು.

ನಮ್ಮ 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ಭಾರಲೋಹಗಳ ವಿಷಯ ಗೊತ್ತಿಲ್ಲದೆ ಇಲ್ಲ. ಪಟ್ಟಣದ ಕಾಂಪೋಸ್ಟ್‌ನಲ್ಲಿ ಕ್ಯಾಡ್ಮಿಯಂ ಕಿಲೋಗೆ 5 ಮಿಲಿಗ್ರಾಂ ಮೀರಬಾರದು ಎಂದು ಅದು ಹೇಳುತ್ತದೆ. ನೀವು ಗೋವಿನಜೋಳಕ್ಕೆ ಹಾಕುವ ಜಿಂಕ್ ಸಲ್ಫೇಟ್‌ಗೂ ಶೇ. 0.0025ರ ಮಿತಿ ಇದೆ. ಡಿಎಪಿಯ ಕೋಷ್ಟಕದಲ್ಲಿ ತೇವ, ಸಾರಜನಕ, ರಂಜಕ, ಕಾಳಿನ ಗಾತ್ರ ಇವೆ, ಕ್ಯಾಡ್ಮಿಯಂ ಇಲ್ಲ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲೂ ವಿಷಲೋಹ ಒಂದೂ ಇಲ್ಲ.

ಹಾಗಾಗಿ ಮೂರು ಕೆಲಸ. ಮೊದಲನೆಯದು ನಮ್ಮ ಕೈಯಲ್ಲೇ ಇದೆ. ಮಣ್ಣು ಪರೀಕ್ಷೆಯಲ್ಲಿ ರಂಜಕ ಸಾಕಷ್ಟಿದೆ ಎಂದು ಬಂದ ಹೊಲಕ್ಕೆ ರೂಢಿಗೆಂದು ಡಿಎಪಿ ಸುರಿಯಬೇಡಿ. ರೊಕ್ಕವೂ ಉಳಿಯುತ್ತದೆ, ಲೋಹವೂ ತಪ್ಪುತ್ತದೆ. ಎರಡನೆಯದು ಬ್ಯಾಟರಿಯದು. ಟ್ರ್ಯಾಕ್ಟರ್, ಇನ್ವರ್ಟರ್‌ಗಳ ಹಳೆಯ ಬ್ಯಾಟರಿಯ ಆಸಿಡ್‌ನಲ್ಲಿ ಸೀಸ ಇರುತ್ತದೆ. ಅದನ್ನು ಗಟಾರಕ್ಕೆ ಚೆಲ್ಲಿದರೆ ಹಿಡಿಯುವ ಅವಕಾಶವನ್ನು ನಾವೇ ಕಳೆದಂತೆ. ಒಡೆಯದೆ, ಆಸಿಡ್ ಸಮೇತ ಅಂಗಡಿಗೆ ವಾಪಸು ಕೊಡಿ. 2022ರ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳ ವಿಲೇವಾರಿ ತಯಾರಕರ ಹೊಣೆ.

ಮೂರನೆಯದು ಊರು ಒಟ್ಟಾಗಿ ಮಾಡುವ ಕೆಲಸ. ಮುಂದಿನ ಗ್ರಾಮಸಭೆಯಲ್ಲಿ ಒಂದು ಠರಾವು ಮಾಡಿ, ಕುಂದಗೋಳದ ರೈತ ಸಂಪರ್ಕ ಕೇಂದ್ರದ ಮೂಲಕ ಕೃಷಿ ಇಲಾಖೆಗೆ ಕಳಿಸಿ. ಒಕ್ಕಣೆ ನಾಲ್ಕು ಸಾಲು ಸಾಕು: ಫಾಸ್ಫೇಟ್ ಗೊಬ್ಬರದ ಪ್ರತಿ ಚೀಲದ ಮೇಲೆ ಸಾರಜನಕ, ರಂಜಕದ ಅಂಕಿಗಳ ಕೆಳಗೆ ಕ್ಯಾಡ್ಮಿಯಂ ಅಂಕಿಯೂ ಅಚ್ಚಾಗಲಿ, ಅದಕ್ಕೊಂದು ಮಿತಿ ಗೊತ್ತಾಗಲಿ, ಮಿತಿ ಮೀರಿದ ಆಸಿಡ್ ಅನ್ನು ಕಾರ್ಖಾನೆಯಲ್ಲೇ ಶುದ್ಧ ಮಾಡಲಿ, ಆ ಖರ್ಚು ರೈತನ ಚೀಲದ ದರಕ್ಕೆ ಸೇರದಿರಲಿ. ಅಂಕಿ ಅಚ್ಚಾದ ದಿನದಿಂದ ಕೊಳ್ಳುವವನು ಎರಡು ಚೀಲಗಳನ್ನು ಹೋಲಿಸಿ ನೋಡಲು ಶುರುಮಾಡುತ್ತಾನೆ, ತಯಾರಕನಿಗೆ ಒಳ್ಳೆಯ ಕಲ್ಲನ್ನೋ ಒಳ್ಳೆಯ ದ್ರಾವಕವನ್ನೋ ಹುಡುಕದೆ ಗತ್ಯಂತರ ಇರುವುದಿಲ್ಲ.

  ಠರಾವಿನ ಕರಡು ಬರೆದುಕೊಂಡೇ ಬಂದಿದ್ದೇನೆ, ಪಂಚಾಯತಿಯವರಿಗೆ ಕೊಟ್ಟು ಹೋಗುತ್ತೇನೆ.